ಪದ ಬೇಕು: ಬೀಜದ ಸಿಪ್ಪೆ ‘ಸ್ಕ್ಯಾರಿಫೈ’ ಮಾಡುವುದಕ್ಕೆ (ಲುಪಿನ್ ಸಸಿ, ಶುಕ್ರವಾರದೊಳಗೆ)

ವಿ. ಬರೆದದ್ದು:

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬದಿಯ ನರ್ಸರಿಯೊಂದರಲ್ಲಿ ಕೈಜೋಡಿಸುವ ಕನ್ನಡಿಗರಿಗಾಗಿ ಒಂದು ಹಾಳೆ ಶುಕ್ರವಾರ ಅಚ್ಚಿಗೆ ಹೋಗಬೇಕು. ಬೆಳೆಸುವುದು ಅಲ್ಲಿನದೇ ಕಾಡುಗಿಡ, ಲುಪಿನಸ್ ಆಲ್ಬಿಫ್ರಾನ್ಸ್. ಸ್ಯಾನ್ ಬ್ರೂನೊ ಬೆಟ್ಟದ ಮಿಶನ್ ಬ್ಲೂ ಚಿಟ್ಟೆಯ ಮರಿಹುಳು ತಿನ್ನುವ ಮೂರು ಲುಪಿನ್‌ಗಳಲ್ಲಿ ಇದೂ ಒಂದು. 1976ರಿಂದ ಆ ಚಿಟ್ಟೆ ಅಳಿವಿನಂಚಿನ ಪಟ್ಟಿಯಲ್ಲಿದೆ.

ಕೆಲಸ ಹೀಗೆ: ಸಿಪ್ಪೆ ಗಟ್ಟಿ, ನೀರು ಒಳಗೆ ಬಿಡದು. ಎರಡು ಉಪ್ಪುಕಾಗದಗಳ ನಡುವೆ ಬೀಜ ಹಾಕಿ, ಮಿರುಗು ಹೋಗಿ ಮಂಕಾಗುವ ತನಕ ತಿಕ್ಕುವುದು, ರಾತ್ರಿಯಿಡೀ ನೆನೆಹಾಕುವುದು, ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದೆ ಉಳಿದದ್ದನ್ನು ಮತ್ತೆ ತಿಕ್ಕುವುದು. ಹೀಗೆ ಸಿಪ್ಪೆ ಸವೆಸುವ ಸ್ಕ್ಯಾರಿಫಿಕೇಶನ್ ಎಂಬುದಕ್ಕೆ ‘ಬೀಜ ಗಾಯಗೊಳಿಸುವಿಕೆ’ ಎಂದು ಬರೆದಿದ್ದೇನೆ. ನಾಡ್ಯೂಲ್‌ಗೆ (ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಒದಗಿಸುವ ಬೇರಿನ ಉಂಡೆ) ‘ಬೇರುಗಂಟು’, ಗಿಡಕ್ಕೆ ಬರೀ ‘ಲುಪಿನ್’. ಸರಿಯೆ? ಲೇಬಲ್ಲಿನಲ್ಲಿ ಎರಡು ಪದಕ್ಕಷ್ಟೇ ಜಾಗ.

ಶ. ಬರೆದದ್ದು:

ಸರಿಯಲ್ಲ. ‘ಸ್ಕಾರ್’ ನೋಡಿ ಗಾಯ ಎಂದಿದ್ದೀರಿ. ಇಂಗ್ಲಿಷಿನ ಆ ಸ್ಕಾರ್ ಗ್ರೀಕಿನ ‘ಎಸ್ಖರ’ದಿಂದ ಬಂದದ್ದು, ಅದರ ಅರ್ಥ ಒಲೆ, ಆಮೇಲೆ ಸುಟ್ಟಗಾಯದ ಹಕ್ಕಳೆ. ಸ್ಕ್ಯಾರಿಫೈ ಬಂದದ್ದು ಗ್ರೀಕಿನದೇ ಬೇರೊಂದು ಪದ ‘ಸ್ಕಾರಿಫೊಸ್’ನಿಂದ, ಅಂದರೆ ಗೀಚುವ ಕಡ್ಡಿ. ಎರಡಕ್ಕೂ ನಂಟಿಲ್ಲ. ನಮ್ಮ ‘ಗೀರು’ ನೋಡಿ: ಗೆರೆ ಎಳೆಯುವುದೂ ಅದೇ, ಚರ್ಮ ತರಚುವುದೂ ಅದೇ. ಹಳಗನ್ನಡದಲ್ಲಿ ಱಕಾರದ ಗೀಱು. ತಮಿಳಿನ ಕೀಱು ಇದರ ಬಳಗ. ಗ್ರೀಕ್ ಪದ ಹೊರುವ ಎರಡು ಅರ್ಥವನ್ನೂ ಹೊರುವ ಪದ ಮನೆಯಲ್ಲೇ ಇರುವಾಗ ‘ಗಾಯಗೊಳಿಸುವಿಕೆ’ ಯಾಕೆ? ಆ ‘ವಿಕೆ’ ಬೇರೆ!

ನ. ಬರೆದದ್ದು:

ಗೀರು ಒಪ್ಪಿದೆ. ಆದರೆ ‘ಬೀಜ’ ಏತಕ್ಕೆ? ‘ಬಿತ್ತ’ ಇದೆಯಲ್ಲ. ಬಿತ್ತಗೀರು. ಗಿಡದ ಹೆಸರಲ್ಲಿ ಲ್ಯಾಟಿನ್ನಿನ ತೋಳ ಇದೆ, ಕಾಯಿ ಅವರೆ ಜಾತಿಯದು, ಹಾಗಾಗಿ ‘ತೋಳದವರೆ’. ಅರ್ತ ತಾನಾಗಿ ಹೊಳೆಯುತ್ತದೆ. ಸಂಸ್ಕ್ರುತ, ಇಂಗ್ಲಿಶ್ ಎರಡರ ಹಂಗೂ ಇಲ್ಲದೆ ಬಾಶೆ ನಡೆಯಬಲ್ಲದು.

ಕೆ. ಬರೆದದ್ದು:

ದಯವಿಟ್ಟು ತೋಳದವರೆ ಬೇಡ. ‘ಅವರೆ’ ಎಂದು ಬೋರ್ಡ್ ಬರೆದ ಮೇಲೆ ಅದನ್ನು ಸುಲಿದು ಸಾರಿಗೆ ಹಾಕಲು ಹೊರಡದ ಕನ್ನಡಿಗರನ್ನು ತೋರಿಸಿ. ಕಾಡುಲುಪಿನ್ ಬೀಜದಲ್ಲಿ ಕಹಿ ಆಲ್ಕಲಾಯ್ಡ್ ಇದೆ, ವಿಷ. ಲುಪಿನ್ ಎಂದೇ ಇರಲಿ, ಕೆಳಗೆ ‘ತಿನ್ನಬೇಡಿ’ ಸೇರಿಸಿ.

‘ಗಾಯ’ವೂ ಬೇಡ, ಆದರೆ ನನ್ನ ಕಾರಣ ಗ್ರೀಕ್ ಅಲ್ಲ. ಗಾಯ ಎಂದರೆ ಜನ ಜೋರಾಗಿ ತಿಕ್ಕುತ್ತಾರೆ. ಸಿಪ್ಪೆ ಮಾತ್ರ ಸವೆಯಬೇಕು, ಒಳಗಿನ ಬೇಳೆ ಕಂಡರೆ ಹೆಚ್ಚಾಯಿತು. ಅಂಥ ಬೀಜ ನೆನೆಯುವಾಗಲೇ ಲೋಳೆಯಾಗಿ ಕೊಳೆಯುತ್ತದೆ. ಒಂದೊಂದೇ ಬೀಜ ಹಿಡಿದು ಗೀರುವವರು ತೊಟ್ಟಿನ ಕಲೆ ಇರುವ ಕಡೆ ಮುಟ್ಟಬಾರದು, ಮೊಳಕೆಯ ಬೇರು ಅದರ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ‘ಸಿಪ್ಪೆ ಗೀರಿ’ ಎನ್ನಿ. ಎಷ್ಟು ಆಳ ಎಂಬುದು ಪದದಲ್ಲೇ ಬಂತು.

ಬೇರುಗಂಟು ಇನ್ನೂ ತೊಡಕು. ಟೊಮೆಟೊ ಬೆಳೆದವರಿಗೆ ಬೇರುಗಂಟು ಎಂದರೆ ಜಂತುಹುಳುವಿನ ರೋಗ. ಗಿಡ ಕಿತ್ತು ಬಿಸಾಡುತ್ತಾರೆ. ‘ಸಾರಜನಕದ ಗಂಟು’ ಎಂದು ಬರೆದು ಗುರುತು ಹೇಳಿ: ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಜ್ಜಿದರೆ ಉದುರುತ್ತದೆ, ಕೊಯ್ದರೆ ಒಳಗೆ ನಸುಗೆಂಪು. ಹುಳುವಿನ ಗಂಟು ಬೇರು ತಾನೇ ಊದಿಕೊಂಡದ್ದು, ಉದುರದು. ರೈಜೋಬಿಯಂ (ಆ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಪೊಟ್ಟಣ ಲುಪಿನ್‌ಗೆಂದೇ ಇರುವುದು ಬೇಕು, ಬಟಾಣಿಯದು ಕಡಲೆಯದು ಕೂಡುವುದಿಲ್ಲ. ನೆನೆದ ಬೀಜದ ನೀರು ಬಸಿದ ಮೇಲೆ ಲೇಪಿಸಿ, ಆಗಲೇ ಬಿತ್ತಿ. ಮಣ್ಣಿಗೆ ಸಾರಜನಕ ಗೊಬ್ಬರ ಹೆಚ್ಚು ಕಲಸಿದರೆ ಗಂಟು ಕಟ್ಟದು.

‘ಕುಂಡ’ ಎಂದರೂ ಜನ ಅಗಲದ ಹೂಕುಂಡ ತರುತ್ತಾರೆ. ತಾಯಿಬೇರು ಬೇಗ ಇಳಿಯುತ್ತದೆ; ಎಂಟು ಇಂಚಾದರೂ ಆಳದ ಕೊಳವೆ ಬೇಕು, ಅರಣ್ಯ ನರ್ಸರಿಗಳ ‘ರೂಟ್ ಟ್ರೈನರ್’ ಥರದ್ದು. ನೆಲಕ್ಕೆ ತಾಗದಂತೆ ಜಾಲರಿಯ ಮೇಲೆ ನಿಲ್ಲಿಸಿದರೆ ತಳದ ತೂತಿಗೆ ಬಂದ ಬೇರತುದಿ ಗಾಳಿಗೆ ಒಣಗುತ್ತದೆ, ಸುತ್ತಿಕೊಳ್ಳುವುದಿಲ್ಲ. ಕಾಲಿಂಚಿನಿಂದ ಅರ್ಧ ಇಂಚು ಆಳಕ್ಕೆ ಬಿತ್ತಿ. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಸಸಿಕೊಳೆ: ಕಾಂಡದ ಬುಡ ದಾರದಂತಾಗಿ ಸಸಿ ಮಲಗುತ್ತದೆ.

ಶ. ಬರೆದದ್ದು:

ಪದ ಕೇಳಿದ್ದು, ಕೃಷಿಪಾಠವಲ್ಲ. ಅದಿರಲಿ, ಟೆಕ್ಸಾಸಿನ ಬ್ಲೂಬಾನೆಟ್ ಲುಪಿನ್ ಬೀಜಕ್ಕೆ ಗಂಧಕಾಮ್ಲ ಬಳಸುತ್ತಾರೆ, ಸುಬಾಬುಲ್ಲಿಗೆ ಬಿಸಿನೀರು. ಗೀರೇ ಇಲ್ಲ, ಆದರೂ ಹೆಸರು ಸ್ಕ್ಯಾರಿಫಿಕೇಶನ್ನೇ. ಅದಕ್ಕೇನು ಹೇಳುತ್ತೀರಿ?

ಕೆ. ಬರೆದದ್ದು:

ಅದು ಇಂಗ್ಲಿಷಿನವರ ತಲೆನೋವು. ಎಲ್ಲಕ್ಕೂ ಸೇರಿ ‘ಬೀಜೋಪಚಾರ’ ಎನ್ನೋಣ ಎಂದರೆ ನಮ್ಮ ರೈತರಿಗೆ ಅದು ಔಷಧಿ ಲೇಪ. ಲೇಬಲ್ಲಿನಲ್ಲಿ ಮಾಡಿದ ಕೆಲಸ ಬರೆಯಿರಿ: ‘ಸಿಪ್ಪೆ ಗೀರಿದ್ದು’, ಇಲ್ಲವೆ ‘ಬಿಸಿನೀರಿಗೆ ಹಾಕಿದ್ದು’.

ನ. ಬರೆದದ್ದು:

‘ಬೀಜೋಪಚಾರ’! ಗುಣಸಂದಿ ಬಿಡಿಸಲು ಬಾರದವರು ಬಿತ್ತಬಾರದೆ?

ಕೆ. ಬರೆದದ್ದು:

ಆ ಪದ ಬೇಡವೆಂದೇ ನಾನು ಬರೆದದ್ದು, ಓದಿ. ಬೀಜ ಸಂಸ್ಕೃತ, ಕಾಗದ ಪಾರಸಿ, ನರ್ಸರಿ ಇಂಗ್ಲಿಷ್. ಮೂರನ್ನೂ ಹೊಲದಲ್ಲಿ ದಿನವೂ ಆಡುತ್ತಾರೆ, ‘ಬಿತ್ತಗೀರು’ ಈ ಚರ್ಚೆಯ ಹೊರಗೆ ಯಾರೂ ಆಡರು.

ವಿ. ಬರೆದದ್ದು:

ಮುಗಿಸುತ್ತೇನೆ. ಹಾಳೆಯಲ್ಲಿ ‘ಸಿಪ್ಪೆ ಗೀರಿ’, ‘ಸಾರಜನಕದ ಗಂಟು’, ‘ಆಳದ ಕೊಳವೆ’, ‘ಲುಪಿನ್ (ತಿನ್ನಬೇಡಿ)’. ಲೇಬಲ್ಲಿನಲ್ಲಿ ‘ಸಿಪ್ಪೆ ಗೀರಿದ್ದು’, ಅದರ ಕೆಳಗೆ ‘ತಾರೀಖು’ ಎಂದು ಖಾಲಿ ಗೆರೆ. ಎಲ್ಲರಿಗೂ ನಮಸ್ಕಾರ.

ನ. ಬರೆದದ್ದು:

ತಾರೀಕು ಅರಬ್ಬಿ.