ಅರ್ಜೆಂಟ್: ‘ಲೋ ಜರ್ಮನ್’ಗೆ ಕನ್ನಡದಲ್ಲಿ ಏನಂತೀರಿ?

ಕೆನಡಾದ ಮ್ಯಾನಿಟೋಬಾದಲ್ಲಿರೋ ಹಟರೈಟರು, ಮೆನ್ನೊನೈಟರು ಅನ್ನೋ ಎರಡು ಕ್ರೈಸ್ತ ಪಂಗಡಗಳ ಮೇಲೆ ಒಂದು ಸಾಕ್ಷ್ಯಚಿತ್ರ, ಅದಕ್ಕೆ ಕನ್ನಡ ಸಬ್‌ಟೈಟಲ್ ಮಾಡ್ತಿದೀನಿ, ನಾಳೆ ಬೆಳಿಗ್ಗೆ ಫೈಲ್ ಕಳಿಸ್ಬೇಕು. ಮೆನ್ನೊನೈಟರ ಮಾತಿಗೆ ‘ಲೋ ಜರ್ಮನ್’ ಅಂತ ಹತ್ತಾರು ಸಲ ಬರುತ್ತೆ, ಸದ್ಯಕ್ಕೆ ‘ಕೆಳಮಟ್ಟದ ಜರ್ಮನ್’ ಅಂತ ಹಾಕಿದೀನಿ, ಓದಿದ್ರೆ ಬೈದಂಗಿದೆ. ಹಟರೈಟರ ಮಾತಿಗೂ ಅದನ್ನೇ ಹಾಕ್ಲಾ?

---

‘ಕೀಳ್ ಜರ್ಮನ್’ ಅನ್ನಿ. ಹಳಗನ್ನಡದ ಕೀೞ್ ಅಂದ್ರೆ ಕೆಳಗೆ ಅಂತಲೇ. ಉಪಭಾಷೆ ಅಂತೆಲ್ಲ ಬರೀಬೇಡಿ, ಒಳನುಡಿ ಸಾಕು. ನಮ್ಮಲ್ಲೇ ಬೇರಿರುವಾಗ ಎರವಲು ಯಾಕೆ?

---

ಕೀಳು ಬೇಡವೇ ಬೇಡ. ಹಳಗನ್ನಡದಲ್ಲಿ ಏನಿತ್ತೋ ಇರ್ಲಿ, ಇವತ್ತು ನೋಡೋರಿಗೆ ಕೀಳು ಅಂದ್ರೆ ಕೀಳೇ. ಅಲ್ಲಿ ‘ಲೋ’ ಅನ್ನೋದು ನೆಲದ ಎತ್ತರದ ಮಾತು, ಜನರದ್ದಲ್ಲ. ಉತ್ತರ ಜರ್ಮನಿ ಸಮುದ್ರದ ಕಡೆ ತಗ್ಗು, ದಕ್ಷಿಣಕ್ಕೆ ಹೋದಂಗೆ ಬೆಟ್ಟ. ನಾವು ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತೀವಲ್ಲ ಹಂಗೆ. ‘ತಗ್ಗುನಾಡ ಜರ್ಮನ್’ ಹಾಕಿ, ‘ಕೆಳನಾಡು’ ಅಂದ್ರೆ ನೆದರ್ಲೆಂಡ್ಸ್ ಅನ್ಕೊಳ್ತಾರೆ. ನಮ್ಮ ನಿಘಂಟಿನ ಕಿಟೆಲ್ ಹುಟ್ಟಿದ್ದೂ ಆ ತಗ್ಗುನಾಡಲ್ಲೇ, ಪೂರ್ವ ಫ್ರೀಸಿಯಾದಲ್ಲಿ.

ಹಟರೈಟರಿಗೆ ಮಾತ್ರ ಇದನ್ನ ಹಾಕ್ಲೇಬೇಡಿ, ಅವರದ್ದು ಬೆಟ್ಟದ ಕಡೆ ಮಾತು. ಗುಂಪಿಗೆ ಹೆಸರು ಬಂದಿದ್ದು ಆಲ್ಪ್ಸ್ ಬೆಟ್ಟಸೀಮೆ ಟಿರೋಲ್‌ನ ಯಾಕೋಬ್ ಹುಟರ್‌ನಿಂದ, ಅವನನ್ನ 1536ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸುಟ್ಟು ಕೊಂದ್ರು. ಆದ್ರೆ ಈಗ ಆಡೋ ಮಾತು ಹೆಚ್ಚಾಗಿ ಆಸ್ಟ್ರಿಯಾದ ಕಾರಿಂಥಿಯಾದ್ದು, 1755ರಲ್ಲಿ ಅಲ್ಲಿಂದ ಟ್ರಾನ್ಸಿಲ್ವೇನಿಯಾಕ್ಕೆ ಗಡೀಪಾರಾಗಿ ಬಂದೋರು ಇವರ ಜೊತೆ ಸೇರ್ಕೊಂಡ್ರಲ್ಲ, ಅವರದ್ದು. ಆಮೇಲೆ ಉಕ್ರೇನು, 1874ರಲ್ಲಿ ಡಕೋಟಾ, ಕಡೆಗೆ ಕೆನಡಾ. ‘ಹುಟರಿಷ್’ ಅಂತಲೇ ಬರೀರಿ. ಪ್ರಾರ್ಥನೆ ಸೀನ್ ಇದ್ರೆ ಇನ್ನೊಂದ್ಸಲ ನೋಡಿ, ಬೋಧಕ ಓದೋ ಹಳೇ ಪ್ರವಚನ ಹುಟರಿಷ್ ಅಲ್ಲ, ಗ್ರಾಂಥಿಕ ಜರ್ಮನ್, ಊಟದ ಮನೇಲಿ ಆಡೋದೇ ಬೇರೆ.

---

ಒಪ್ಪಲ್ಲ. ಎರವಲು ತಗೊಂಡು ತಗೊಂಡೇ ಕನ್ನಡ ಸೊರಗಿದೆ. ನಾಳೆ ಬೋಧಕನಿಗೂ ‘ಪ್ರೆಡಿಗರ್’ ಅಂತ ಬರೀತೀರಾ?

---

> ಎರವಲು ತಗೊಂಡು ತಗೊಂಡೇ ಕನ್ನಡ ಸೊರಗಿದೆ

ಇದು ಸುಳ್ಳು. ಹಂಗಿದ್ರೆ ಪ್ಲೌಟ್‌ಡೀಚ್, ಅಂದ್ರೆ ಮೆನ್ನೊನೈಟರ ತಗ್ಗುನಾಡ ಜರ್ಮನ್, ಯಾವತ್ತೋ ಸಾಯ್ಬೇಕಿತ್ತು. 1789ರಲ್ಲಿ ವಿಸ್ಟುಲಾ ನದಿ ಬಯಲಿಂದ ಉಕ್ರೇನಿಗೆ ಹೋದೋರು, ಅಲ್ಲಿ ಕಲ್ಲಂಗಡಿ ಜೊತೆಗೆ ಅದರ ಹೆಸರನ್ನೂ ತಗೊಂಡ್ರು, ಟೊಮೆಟೊಗೆ ‘ಬೊಕಲ್‌ಜಾನ್’ ಅಂದ್ರು. ರಷ್ಯನ್‌ನಲ್ಲಿ ಬಕ್ಲಜಾನ್ ಅಂದ್ರೆ ಬದನೆಕಾಯಿ! ಆ ಪದದ ಹಿಂದೆ ತುರ್ಕಿ, ಅದರ ಹಿಂದೆ ಪರ್ಶಿಯನ್, ಅದರ ಹಿಂದೆ ಸಂಸ್ಕೃತದ ವಾತಿಂಗಣ, ಅದರ ಬೇರು ದ್ರಾವಿಡದ್ದೇ, ನಮ್ಮ ಬದನೆಯ ನೆಂಟ ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಕೆನಡಾ, ಮೆಕ್ಸಿಕೋ ಅಡುಗೆಮನೆಗಳಲ್ಲಿ ಆ ಪದ ಇವತ್ತಿಗೂ ಓಡಾಡ್ತಿದೆ, ಭಾಷೆ ಎಲ್ಲಿ ಸೊರಗಿತು?

---

‘ತಗ್ಗುನಾಡ ಜರ್ಮನ್’ ಸಾಲಲ್ಲಿ ಸರಿಯಾಗಿ ಕೂತ್ಕೊಳ್ತು, ಥ್ಯಾಂಕ್ಸ್. ಪ್ರಾರ್ಥನೆ ಸೀನೂ ತಿದ್ದಿದೆ. ಈ ಎರಡೂ ಗುಂಪು ಸೇರಿರೋ, ದೊಡ್ಡವರಾದ ಮೇಲೇ ದೀಕ್ಷಾಸ್ನಾನ ಮಾಡಿಸ್ಕೊಳ್ಳೋ ಅನಬ್ಯಾಪ್ಟಿಸ್ಟರಿಗೆ ‘ಮರುದೀಕ್ಷಾಸ್ನಾನದವರು’ ನಡೆಯುತ್ತಾ?

---

ಬೇಡ. ‘ಮರು’ ಅನ್ನೋದು ವಿರೋಧಿಗಳು ಅಂಟಿಸಿದ್ದು. ಕೂಸಿಗೆ ಮಾಡಿಸಿದ್ದು ದೀಕ್ಷಾಸ್ನಾನವೇ ಅಲ್ಲ ಅನ್ನೋದಕ್ಕೇ ಅವರು ಜೀವ ಕೊಟ್ಟಿದ್ದು. ಅನಬ್ಯಾಪ್ಟಿಸ್ಟ್ ಅಂತಲೇ ಬಿಡಿ.