ಅಡ್ವೆಂಚರ್ ಬೈಕನ್ನು ಆಫ್‌ರೋಡ್‌ಗೆ ಸಜ್ಜು ಮಾಡಬೇಕು, ಮೊದಲು ಏನು ಹಾಕಿಸಲಿ?

ಹೊಸಗಾಲಿ:
ಬೈಕ್ 200 ಕೆಜಿ ಹತ್ತಿರ ಇದೆ. ಮುಂದೆ 21, ಹಿಂದೆ 18 ಇಂಚಿನ ಸ್ಪೋಕ್ ಚಕ್ರ. ಸಸ್ಪೆನ್ಷನ್ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಎರಡೂ ಕಡೆ 200 ಮಿ.ಮೀ. ಹೆಲ್ಮೆಟ್ಟು, ಬೂಟು ಎಲ್ಲಾ ಸೇರಿ ನಾನು 95 ಕೆಜಿ. ಕಲ್ಲು, ಕೆಸರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಎಳೆಯುತ್ತೆ. ನಿಂತು ಓಡಿಸಿದರೆ ಬೆನ್ನು ಬಗ್ಗುತ್ತೆ. ದುಡ್ಡು ಕಡಿಮೆ ಇದೆ, ಎಲ್ಲಾ ಒಟ್ಟಿಗೆ ಆಗಲ್ಲ. ಅನುಭವ ಇರುವವರು ಹೇಳಿ.

ಕಲ್ಲುದಾರಿ:
ಎಂಜಿನ್ ಅಡಿಗೆ ಕಲ್ಲೇಟು ತಡೆಯುವ ಬ್ಯಾಷ್ ಪ್ಲೇಟ್ ಹಾಕಿಸಿ, ಮಿಕ್ಕಿದ್ದು ಆಮೇಲೆ. ನನ್ನ ಬೈಕಿನ ಜೊತೆ ಬಂದ ಪ್ಲಾಸ್ಟಿಕ್ ಗಾರ್ಡ್ ಮುಷ್ಟಿ ಗಾತ್ರದ ಕಲ್ಲಿಗೇ ಸೀಳಿತು. ಡ್ರೇನ್ ಬೋಲ್ಟ್ ಪಕ್ಕ ಎಂಜಿನ್ ಕೇಸಿಂಗ್ ಬಿರುಕು ಬಿಟ್ಟು ಆಯಿಲ್ ಪೂರ್ತಿ ಸುರಿದುಹೋಯಿತು. ಎಂಜಿನ್ ಇಳಿಸಬೇಕು, ಕೇಸಿಂಗ್ ಅರ್ಧ ಸಿಗಲ್ಲ, ಜೋಡಿಯಾಗಿಯೇ ಕೊಳ್ಳಬೇಕು, ಗ್ಯಾಸ್ಕೆಟ್ ಸೆಟ್ಟು, ಸೀಲು, ಆಯಿಲು, ಕೂಲಂಟು, ಬೈಕ್ ಹೊತ್ತು ತಂದ ಗಾಡಿ ಬಾಡಿಗೆ, ಮೆಕ್ಯಾನಿಕ್ ಕೂಲಿ. ಒಂದು ಪ್ಲೇಟಿನ ಬೆಲೆಯ ಹತ್ತು ಪಟ್ಟು ಹೋಯಿತು. ಈಗ 4 ಮಿ.ಮೀ. ಅಲ್ಯುಮಿನಿಯಂ ಇದೆ. ಪ್ಲೇಟು ಫ್ರೇಮಿಗೆ ಕೂರಬೇಕು, ಎಂಜಿನ್ನಿಗಲ್ಲ. ಎಂಜಿನ್ನಿಗೆ ಕೂತರೆ ಏಟು ನೇರವಾಗಿ ಕೇಸಿಂಗಿಗೇ ಹೋಗುತ್ತೆ.

ಹಗುರಸವಾರ:
ಶುರುವಾಯಿತು ನೋಡಿ ಭಾರ ಹೊರಿಸುವುದು. ಅಂಗಡಿಯವರ ಮಾತು ಕೇಳಿ ನಾನೂ ಬಿದ್ದಾಗ ಬೈಕ್ ಕಾಯುವ ಕ್ರ್ಯಾಶ್ ಬಾರ್, ಪ್ಲೇಟ್, ಸೆಂಟರ್ ಸ್ಟ್ಯಾಂಡ್, ಎರಡು ಅಲ್ಯುಮಿನಿಯಂ ಪೆಟ್ಟಿಗೆ, ಅವಕ್ಕೆ ಫ್ರೇಮು, ಎಲ್ಲಾ ಹಾಕಿಸಿದ್ದೆ. ಪೆಟ್ಟಿಗೆ ಖಾಲಿ ಇರುವಾಗಲೇ 30 ಕೆಜಿ ಜಾಸ್ತಿ. ಕೆಸರಿನ ಜಾಡಿನಲ್ಲಿ ಕಾಲು ಕೆಳಗಿಟ್ಟೆ, ಬೈಕ್ ಮುಂದೆ ಹೋಯಿತು, ಪೆಟ್ಟಿಗೆಯ ಮೂಲೆ ಹಿಂದಿನಿಂದ ಬಂದು ಮೀನಖಂಡಕ್ಕೆ ಬಡಿಯಿತು. ಸ್ನಾಯು ಹರಿದು ವಾರಗಟ್ಟಲೆ ಮಲಗಿದ್ದೆ. ಇನ್ನು ಆ ಕ್ರ್ಯಾಶ್ ಬಾರ್. ಬಿದ್ದಾಗ ಬಾರ್ ಬಗ್ಗಲೇ ಇಲ್ಲ, ಅದನ್ನು ಕೂರಿಸಿದ್ದ ಫ್ರೇಮಿನ ಕಿವಿ ಬಗ್ಗಿತು. ಬಾರ್ ಬಗ್ಗಿದ್ದರೆ ಬೇರೆ ತರಬಹುದಿತ್ತು. ಫ್ರೇಮ್ ನೆಟ್ಟಗೆ ಮಾಡಿಸೋಕೆ ಬೈಕ್ ಪೂರ್ತಿ ಬಿಚ್ಚಿದರು. ಈಗ ಬಟ್ಟೆ ಬ್ಯಾಗು ಮಾತ್ರ. ಬಿದ್ದ ಬೈಕನ್ನು ಒಬ್ಬನೇ ಎತ್ತುತ್ತೇನೆ.

ಕಲ್ಲುದಾರಿ:
ನಿಮ್ಮ ಪೆಟ್ಟಿಗೆಯ ಮೇಲಿನ ಸಿಟ್ಟನ್ನು ನನ್ನ ಪ್ಲೇಟಿನ ಮೇಲೆ ಯಾಕೆ ತೀರಿಸ್ತೀರಿ ಸ್ವಾಮಿ? ನಾನು ಪೆಟ್ಟಿಗೆ ಹಾಕಿಸಿ ಅಂದೆನಾ? ನನ್ನ ಪ್ಲೇಟು ನಾಲ್ಕು ಕೆಜಿಯೂ ಇಲ್ಲ. ಕೇಸಿಂಗ್ ಒಡೆದ ದಿನ ನಿಮ್ಮ ಹಗುರ ಬೈಕನ್ನು ತಳ್ಳಿಕೊಂಡೇ ಬರಬೇಕು.

ಸ್ಪ್ರಿಂಗ್‌ರೇಟ್:
ಮೊದಲು ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತೆ ಅಂತ ಅಳೆಯಿರಿ. ಬೈಕನ್ನು ಎತ್ತಿ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಆಕ್ಸಲ್‌ನಿಂದ ನೇರ ಮೇಲೆ ಬಾಡಿ ಮೇಲೆ ಒಂದು ಚೂರು ಟೇಪು ಅಂಟಿಸಿ ಅಳತೆ ಬರೆದುಕೊಳ್ಳಿ. ಆಮೇಲೆ ಹೆಲ್ಮೆಟ್ಟು, ಬೂಟು ಎಲ್ಲಾ ಹಾಕಿ ಫುಟ್‌ಪೆಗ್ (ಕಾಲಿಡುವ ಕಂಬಿ) ಮೇಲೆ ನಿಲ್ಲಿ, ಇನ್ನೊಬ್ಬರು ಅಳೆಯಲಿ. ಎರಡರ ವ್ಯತ್ಯಾಸ ಟ್ರಾವೆಲ್‌ನ ಮೂರನೇ ಒಂದರ ಹತ್ತಿರ ಇರಬೇಕು. 200 ಇದ್ದರೆ 60ರಿಂದ 65.

ನನಗೆ 85 ಬಂದಿತ್ತು. ಹಿಂದೆ ಕುಸಿದು ಮುಂದಿನ ಚಕ್ರದ ಮೇಲೆ ಭಾರವೇ ಇರಲಿಲ್ಲ. ವರ್ಕ್‌ಶಾಪಿನವನು ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ತಿರುಪು) ಪೂರ್ತಿ ತಿರುಗಿಸಿ 'ಈಗ ಗಟ್ಟಿ ಆಯ್ತು ಬಿಡಿ' ಅಂದ. ಪ್ರಿಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡಲ್ಲ ಕಣ್ರೀ, ಬೈಕನ್ನು ಮೇಲೆ ಎತ್ತುತ್ತೆ ಅಷ್ಟೇ. ನಾನು ಹತ್ತಿದಾಗ 65 ಬಂತು, ಆದರೆ ಬೈಕ್ ಒಂದೇ ನಿಂತಾಗ ಸ್ಯಾಗ್ ಸೊನ್ನೆ. ಅಂದರೆ ಸ್ಪ್ರಿಂಗು ನನ್ನ ತೂಕಕ್ಕೆ ಮೆದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿತ್ತು. ಕೊನೆಗೆ ಹಿಂದೆ ಒಂದು ಗಟ್ಟಿ ಸ್ಪ್ರಿಂಗು, ಮುಂದಿನ ಫೋರ್ಕಿಗೆ ಒಂದು ಜೊತೆ, ಆಯಿಲು, ಸೀಲು. ಎರಡು ಜೊತೆ ಟೈರಿನ ದುಡ್ಡು. ಫೋರ್ಕ್ ಬಿಚ್ಚಿದವನು ಅದರ ಒಂದು ಕೊಳವೆಯಲ್ಲಿ ಆಯಿಲ್ ಮಟ್ಟ ಹೆಚ್ಚು ಬಿಟ್ಟಿದ್ದ. ಮತ್ತೆ ಬಿಚ್ಚಿ, ಮತ್ತೆ ಹೊಸ ಸೀಲು. ಅದರ ಕೂಲಿಯೂ ನನ್ನ ತಲೆಗೇ.

ನಿಂತಸವಾರ:
ಬೆನ್ನು ಬಗ್ಗುತ್ತೆ ಅಂತ ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸೋ ಮುಂಚೆ ಇದನ್ನು ಓದಿ. ನಾನು 30 ಮಿ.ಮೀ. ರೈಸರ್ ಹಾಕಿಸಿದೆ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದರೆ ಬ್ರೇಕ್ ಹೋಸ್ ತಂತಿಯಂತೆ ಬಿಗಿಯುತ್ತಿತ್ತು. ಬಲಕ್ಕೆ ತಿರುಗಿಸಿದರೆ ಥ್ರಾಟಲ್ ಕೇಬಲ್ ಎಳೆದು ಎಂಜಿನ್ ತಾನಾಗಿ ರೇಸ್ ಆಗುತ್ತಿತ್ತು. ಕಡಿದಾದ ತಿರುವಿನಲ್ಲಿ ಹಾಗಾದರೆ ಗತಿ ಏನು? ಉದ್ದದ ಹೋಸು, ಕೇಬಲ್ಲು, ಬ್ರೇಕಿನಿಂದ ಗಾಳಿ ತೆಗೆಯುವ ಬ್ಲೀಡಿಂಗು ಸೇರಿ ರೈಸರ್‌ನ ಮೂರು ಪಟ್ಟು ಖರ್ಚು. ಆಮೇಲೆ ಅಗಲವಾದ, 15 ಮಿ.ಮೀ. ಕೆಳಗೆ ಕೂರುವ ಫುಟ್‌ಪೆಗ್ ಹಾಕಿಸಿದೆ. ಬೆನ್ನು ನೆಟ್ಟಗಾಗಿದ್ದು ಅದರಿಂದ. ನಿಂತಾಗ ಮಣಿಕಟ್ಟು ನೇರ ಇರುವ ಹಾಗೆ ಬ್ರೇಕ್, ಕ್ಲಚ್ ಲಿವರ್‌ಗಳನ್ನು ಕೆಳಗೆ ತಿರುಗಿಸಿ. ಕ್ಲ್ಯಾಂಪ್ ಅಡಿಯಲ್ಲಿ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಸುತ್ತಿ, ತೀರಾ ಬಿಗಿ ಬೇಡ. ಬಿದ್ದಾಗ ಲಿವರ್ ಮುರಿಯದೆ ತಿರುಗಿಕೊಳ್ಳುತ್ತೆ.

ಟ್ಯೂಬ್‌ಪಕ್ಷ:
ಗಾಳಿಯ ಮಾತು ಯಾರೂ ಎತ್ತಿಲ್ಲ! ರಸ್ತೆಯ ಪ್ರೆಷರ್‌ನಲ್ಲೇ ಕಲ್ಲಿಗೆ ಇಳಿದರೆ ಮುಂದಿನ ಚಕ್ರ ಚೆಂಡಿನ ಹಾಗೆ ಪುಟಿಯದೆ ಇರುತ್ತಾ? ನಾನು ಕಲ್ಲಿಗೆ 22 ಪಿಎಸ್‌ಐ ಇಡುತ್ತೇನೆ, ಬರೀ ಮರಳು, ಕೆಸರು ಇದ್ದರೆ ಇನ್ನೂ ಕಡಿಮೆ. ಟ್ಯೂಬ್‌ಲೆಸ್ ಆಸೆಗೆ ಸ್ಪೋಕ್ ರಿಮ್ಮಿಗೆ ಒಳಗಿನಿಂದ ಸೀಲ್ ಮಾಡಿಸಿದ್ದೆ. ಒಂದು ಸ್ಪೋಕ್ ಸಡಿಲವಾಯಿತು, ಬಿಗಿ ಮಾಡಿದೆ, ಸ್ಪೋಕ್ ತುದಿಯ ನಟ್ಟು (ನಿಪ್ಪಲ್) ತಿರುಗಿ ಸೀಲು ಹರಿಯಿತು. ಟೈರ್ ಬಿಚ್ಚಿ ಹಳೇ ಅಂಟು ಕೆರೆಯೋದರಲ್ಲೇ ಉಗುರು ಕಿತ್ತುಬಂತು. ನನ್ನ ಮುಂದಿನ ರಿಮ್ಮಿನಲ್ಲಿ ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಹಿಡಿಯುವ ಏಣೇ ಇರಲಿಲ್ಲ. ಗಾಳಿ ಇಳಿಸಿ ಒಂದು ಕಲ್ಲಿಗೆ ಹೊಡೆದೆ, ಬೀಡ್ ಕಳಚಿಕೊಂಡಿತು. ಈಗ ದಪ್ಪ ಟ್ಯೂಬು, ಹಿಂದೆ ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್. ನೆಮ್ಮದಿ.

ಹಗುರಸವಾರ:
ಕೆಲಸ ಕೆಟ್ಟದಾಗಿ ಮಾಡಿದವರನ್ನು ಬಿಟ್ಟು ಟ್ಯೂಬ್‌ಲೆಸ್ ಅನ್ನೇ ಬೈದರೆ ಹೇಗೆ? ಮುಳ್ಳು ಚುಚ್ಚಿದರೆ ನಾನು ಚಕ್ರ ಬಿಚ್ಚದೆ ಪ್ಲಗ್ ತೂರಿಸಿ ಹೊರಡುತ್ತೇನೆ. ನೀವು ದಾರಿಯಲ್ಲಿ ಕೂತು ಟೈರ್ ಲಿವರ್ ಜೊತೆ ಗುದ್ದಾಡಬೇಕು, ಹೊಸ ಟ್ಯೂಬನ್ನೂ ಅದೇ ಲಿವರ್‌ನಲ್ಲಿ ಕಚ್ಚಿಸಿಕೊಂಡು.

ಟ್ಯೂಬ್‌ಪಕ್ಷ:
ಲಿವರ್ ಹಿಡಿಯೋಕೆ ಬರದವರು ಕಚ್ಚಿಸ್ತಾರೆ. ರಿಮ್ಮಿನ ಅಂಚು ನೆಗ್ಗಿದಾಗ ನಿಮ್ಮ ಪ್ಲಗ್ಗನ್ನು ಎಲ್ಲಿ ತೂರಿಸ್ತೀರಿ? ಗಾಳಿ ಅಂಚಿನಿಂದಲೇ ಸೋರುತ್ತೆ. ಟ್ಯೂಬಿದ್ದರೆ ನೆಗ್ಗಿದ ರಿಮ್ಮಿನಲ್ಲೂ ಮನೆ ಸೇರಬಹುದು.

ಕಲ್ಲುದಾರಿ:
ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಗಾಲಿ) 15 ಹಲ್ಲಿನದಿದ್ದರೆ 14ರದು ಹಾಕಿಸಿ, ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದ ಹಾಗೆ. ನಿಧಾನದ ಏರಿನಲ್ಲಿ ಕ್ಲಚ್ ಸುಡುವುದು ತಪ್ಪುತ್ತೆ. ಇದಕ್ಕೆ ಭಾರ ಏನೂ ಇಲ್ಲ, ಹಗುರಸವಾರರು ಗಮನಿಸಲಿ.

ಸ್ಪ್ರಿಂಗ್‌ರೇಟ್:
ಹಾಕಿಸಿದ ಮೇಲೆ ಚೈನನ್ನು ಸೈಡ್ ಸ್ಟ್ಯಾಂಡ್ ಮೇಲೆ ನೋಡಿ ಬಿಗಿ ಮಾಡಿಬಿಡಬೇಡಿ. ಮುಂದಿನ ಸ್ಪ್ರಾಕೆಟ್ಟು, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಪಿವಟ್ಟು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಆಗಲೂ ಸ್ವಲ್ಪ ಆಡಬೇಕು. ನನ್ನ ಗೆಳೆಯರೊಬ್ಬರ ಗೇರ್‌ಬಾಕ್ಸ್ ಔಟ್‌ಪುಟ್ ಬೇರಿಂಗ್ ಹೀಗೆ ಬಿಗಿದೇ ಹಾಳಾಯಿತು.

ಕಲ್ಲುದಾರಿ:
ಸಡಿಲ ಬಿಟ್ಟು ಚೈನ್ ಕಳಚಿ ಕೇಸಿಂಗಿಗೆ ಬಡಿದರೆ? ಅದೂ ನೋಡಿದ್ದೇನೆ. ಮ್ಯಾನ್ಯುಯಲ್‌ನಲ್ಲಿರುವ ಅಳತೆ ಸಾಕು.

ಸ್ಪ್ರಿಂಗ್‌ರೇಟ್:
ಆ ಅಳತೆ ಸ್ಟಾಕ್ ಎತ್ತರಕ್ಕೆ ಬರೆದದ್ದು. ಹಿಂದಿನ ಸಸ್ಪೆನ್ಷನ್ ಲಿಂಕ್ ಬದಲಿಸಿ ಬೈಕ್ ಎತ್ತರಿಸಿದವರಿಗೆ ಅದೇ ಲೆಕ್ಕ ನಡೆಯುತ್ತಾ?

ಹೊಸಗಾಲಿ:
ಎಲ್ಲರಿಗೂ ಥ್ಯಾಂಕ್ಸ್. ತಮ್ಮನನ್ನು ಕೂರಿಸಿಕೊಂಡು ಸ್ಯಾಗ್ ಅಳೆದೆ. 88 ಬಂತು. ಸ್ಪ್ರಿಂಗ್ ಆರ್ಡರ್ ಮಾಡಲಾ?

ಸ್ಪ್ರಿಂಗ್‌ರೇಟ್:
ತಮ್ಮ ಹಿಂದೆ ಕೂತಿದ್ದರಾ, ಇಲ್ಲ ಟೇಪು ಹಿಡಿದಿದ್ದರಾ? ಹಿಂದೆ ಕೂತಿದ್ದರೆ ಆ ಲೆಕ್ಕ ಬಿಡಿ, ಒಬ್ಬರೇ ನಿಂತು ಮತ್ತೆ ಅಳೆಯಿರಿ. ಬೈಕ್ ಒಂದೇ ನಿಂತಾಗ ಎಷ್ಟು ಬರುತ್ತೆ, ಪ್ರಿಲೋಡ್ ಇನ್ನೆಷ್ಟು ಸುತ್ತು ಬಾಕಿ ಇದೆ ಅಂತಲೂ ಬರೆಯಿರಿ. ಅಲ್ಲೀವರೆಗೆ ಆರ್ಡರ್ ಬೇಡ.