ಸಹಾಯ ಬೇಕು: ಹುಣಸೂರಲ್ಲೇ ಇಳಿಸಿದ ಬಸ್ಸಿನ ದುಡ್ಡು ಯಾರನ್ನ ಕೇಳೋದು?

ನಮಸ್ಕಾರ. ಹೋದ ತಿಂಗಳು ಬೆಂಗಳೂರಿಂದ ವಿರಾಜಪೇಟೆಗೆ ರಾತ್ರಿಯ ಖಾಸಗಿ ಬಸ್ಸಲ್ಲಿ ನನಗೂ ಅಮ್ಮನಿಗೂ ಆಪ್‌ನಲ್ಲಿ ಎರಡು ಸ್ಲೀಪರ್ ಬುಕ್ ಮಾಡಿದ್ದೆ, ಒಂದಕ್ಕೆ 549 ರೂಪಾಯಿ. ಕಡಿಮೆ ರೇಟಿಗೆ ಮರುಳಾದೆ ಅಂತ ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

10.30ರ ಬಸ್ಸು ಬಂದಿದ್ದು 12.15ಕ್ಕೆ. ಬೆಳಗಿನ ಜಾವ ಹುಣಸೂರಲ್ಲಿ ಕ್ಲೀನರ್ ಎಬ್ಬಿಸಿ, "ಮುಂದಕ್ಕೆ ನೀವಿಬ್ಬರೇ ಇರೋದು, ಬಸ್ಸು ಹೋಗಲ್ಲ, ಇಳೀರಿ" ಅಂದ. ಹೊರಗೆ ಜೋರು ಮಳೆ. ಡಿಕ್ಕಿ ತೆಗೆದರೆ ಅಮ್ಮನ ಬ್ಯಾಗ್ ತೊಪ್ಪೆ, ಅದರ ಮೇಲೆ ಯಾರದೋ ಬೈಕಿನ ಎಣ್ಣೆ ಬೇರೆ ಸೋರಿತ್ತು. ಮಂಡಿನೋವಿನ ಅಮ್ಮನನ್ನ ಮುಚ್ಚಿದ ಅಂಗಡಿ ಕಟ್ಟೆ ಮೇಲೆ ಕೂರಿಸಿಕೊಂಡು ಬೆಳಕು ಹರಿಯೋತನಕ ಕಾದೆ. ಆಮೇಲೆ ಸರ್ಕಾರಿ ಕೆಂಪು ಬಸ್ಸಲ್ಲಿ ಗೋಣಿಕೊಪ್ಪ ದಾಟಿ ಊರು ಸೇರಿದ್ವಿ. ಆ ಟಿಕೆಟ್, ಫೋಟೋ ಎಲ್ಲಾ ಇಟ್ಟಿದ್ದೀನಿ.

ಕಂಪನಿಗೆ ಫೋನ್ ಮಾಡಿದ್ರೆ "ಆಪ್‌ನವರನ್ನ ಕೇಳಿ". ಆಪ್‌ನವರು "ಪ್ರಯಾಣ ಪೂರ್ತಿಯಾಗಿದೆ ಅಂತ ಕಂಪನಿ ಹೇಳಿದೆ". ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ, ಅಲ್ಲಿಗೂ ಕಂಪನಿ ಕಳಿಸಿದ್ದು ಅದೇ ಉತ್ತರ.

2019ರ ಗ್ರಾಹಕರ ಕಾಯ್ದೆಯಲ್ಲಿ ನಾವಿರೋ ಜಿಲ್ಲೆಯಲ್ಲೇ, ಅಂದ್ರೆ ಮಡಿಕೇರಿಯಲ್ಲೇ ದೂರು ಹಾಕಬಹುದು, 5 ಲಕ್ಷದೊಳಗೆ ಶುಲ್ಕ ಇಲ್ಲ ಅನ್ನೋವರೆಗೆ ಗೊತ್ತು. ತಲೆ ಕೆಟ್ಟಿರೋದು ಇಲ್ಲಿ: ಟಿಕೆಟ್ ಮೇಲೆ ಒಂದು ಹೆಸರು, ಬಸ್ಸಿನ ಮೇಲೆ ಇನ್ನೊಂದು, ದುಡ್ಡು ಹೋಗಿದ್ದು ಆಪ್‌ಗೆ.

ಎದುರುದಾರರು ಅನ್ನೋ ಕಡೆ ಯಾರ ಹೆಸರು ಬರೀಬೇಕು, ಮೂವರದ್ದೂನಾ? ಮೊದಲು ನೋಟಿಸ್ ಕಳಿಸಲೇಬೇಕಾ? ಹೀಗೆ ದೂರು ಹಾಕಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.